ನೋಟವೂ ಒಂದು ಹೊಣೆ

ಕೈಯಿಂದ ಆಗುವ ತಪ್ಪು, ನಾಲಿಗೆಯಿಂದ ಆಗುವ ತಪ್ಪು, ಮನಸ್ಸಿನಿಂದ ಆಗುವ ತಪ್ಪು ಇವುಗಳನ್ನು ಕುರಿತು ನೀತಿಶಾಸ್ತ್ರಗಳು ವಿಸ್ತಾರವಾಗಿ ವಿಚಾರ ಮಾಡಿವೆ. ಕಣ್ಣಿನ ತಪ್ಪನ್ನು ಕುರಿತ ವಿಚಾರ ಮಾತ್ರ ಬಹುಮಟ್ಟಿಗೆ ನೋಡಬಾರದುದನ್ನು ನೋಡುವ ಆಸೆಗಷ್ಟೇ ಸೀಮಿತವಾಗಿದೆ. ನೋಡಬೇಕಾದುದನ್ನೇ ನೋಡಲು ಹೋಗಿ, ಸರಿಯಾಗಿ ನೋಡದೆ, ನೋಡಿದೆನೆಂದು ತೀರ್ಮಾನಿಸಿ ಹಿಂದಿರುಗುವುದರಲ್ಲಿಯೂ ಒಂದು ದೋಷವಿದೆಯೆ? ಹೊರನೋಟಕ್ಕೆ ಈ ಪ್ರಶ್ನೆ ಅಲ್ಪವೆಂದು ತೋರುತ್ತದೆ. ಆದರೆ ಪ್ರವಾಸವೇ ಒಂದು ದೊಡ್ಡ ಉದ್ಯಮವಾಗಿ ಬೆಳೆದಿರುವ ಈ ಕಾಲದಲ್ಲಿ ಅದನ್ನು ಕೇಳಿಕೊಳ್ಳದೆ ವಿಧಿಯಿಲ್ಲ.

ದೆಹಲಿಯಿಂದ ನಡುರಾತ್ರಿ ಕಳೆದ ಮೇಲೆ ವಾಹನ ಏರಿ, 200 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ, ಸೂರ್ಯೋದಯದ ಹೊತ್ತಿಗೆ ಆಗ್ರಾದ ತಾಜಮಹಲಿನ ಮುಂದೆ ನಿಂತು, ಸಂಜೆಗೆ ಮರಳುವ ಒಂದು ದಿನದ ಪ್ರವಾಸ ಇಂದು ಜಗತ್ಪ್ರಸಿದ್ಧವಾಗಿದೆ. ಅಂಥದೇ ಪ್ರವಾಸ ಸಣ್ಣ ಪ್ರಮಾಣದಲ್ಲಿ ಬೀದರ ಜಿಲ್ಲೆಯಲ್ಲೂ ಉಂಟು. ಭಾಲ್ಕಿಯಿಂದಾಗಲಿ ಔರಾದಿನಿಂದಾಗಲಿ ಬೀದರ ನಗರಕ್ಕೆ ಸುಮಾರು 40 ಕಿಲೋಮೀಟರ್ ದಾರಿ. ಶಾಲೆಯ ಮಕ್ಕಳು, ನೆಂಟರಿಷ್ಟರೊಡನೆ ಹೊರಟ ಕುಟುಂಬಗಳು ಕತ್ತಲಿರುವಾಗಲೇ ಬಸ್ಸನ್ನೋ ಜೀಪನ್ನೋ ಹತ್ತಿ, ಬೆಳಗಿನ ಹೊತ್ತಿಗೆ ಅಷ್ಟೂರಿನ ಗೋರಿಗಳನ್ನು ತಲುಪಿ, ಮದರಸಾ, ಕೋಟೆಗಳನ್ನು ಸುತ್ತಿ, ಸಂಜೆಯೊಳಗೆ ಊರು ಸೇರಬಹುದು. ಸೂರ್ಯೋದಯಕ್ಕೆ ಮುನ್ನ ಅನ್ನನೀರು ಮುಟ್ಟದ ಮನೆಗಳವರೂ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡು ಹೊರಟರೆ ನಿಯಮಕ್ಕೆ ಭಂಗವಿಲ್ಲದೆ ಈ ಪ್ರವಾಸ ಮುಗಿಯುತ್ತದೆ.

ಆ ನಿಯಮದ ಹಿಂದಿರುವ ತತ್ತ್ವವೇ ಪ್ರಸ್ತುತ ಪ್ರಶ್ನೆಗೂ ಒಂದು ದಾರಿಯನ್ನು ತೋರಿಸುತ್ತದೆ. ಕತ್ತಲಲ್ಲಿ ಉಣ್ಣುವವನಿಗೆ ತಟ್ಟೆಯಲ್ಲಿರುವ ಸಣ್ಣ ಜೀವ ಕಾಣುವುದಿಲ್ಲ. ಆದ್ದರಿಂದ ಬೆಳಕು ಬರಲಿ, ನೋಡಿ ಉಣ್ಣು ಎಂಬುದು ಅದರ ಆಶಯ. ನೋಡಿ ನಡೆ, ನೋಡಿ ಎತ್ತು, ನೋಡಿ ಇಡು ಎಂಬ ಎಚ್ಚರಗಳೂ ಅದೇ ಮೂಲದಿಂದ ಬಂದವು. ಎಚ್ಚರವಿಲ್ಲದ ಸ್ಥಿತಿಗೆ ಶಾಸ್ತ್ರಕಾರರು ಪ್ರಮಾದವೆಂದು ಹೆಸರಿಟ್ಟು, ಹಿಂಸೆಯ ಬೇರನ್ನು ಅಲ್ಲಿ ಗುರುತಿಸಿದರು. ಬೆಳಗಿನ ಬೆಳಕು ಅವರ ದೃಷ್ಟಿಯಲ್ಲಿ ಮೊದಲು ಎಚ್ಚರದಿಂದ ನೋಡುವುದಕ್ಕೆ ಸಿಕ್ಕ ಸಾಧನ. ಅದರ ಚೆಲುವು ಆಮೇಲಿನ ಮಾತು. ಅನ್ನದ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ಮನುಷ್ಯನು ಅನ್ಯರ ಬದುಕು, ಅನ್ಯರ ಸಾವುಗಳ ಗುರುತಿನ ಮುಂದೆ ನಿಂತಾಗ ಆ ಎಚ್ಚರವನ್ನು ಬಿಡಬಹುದೆ?

ಅಷ್ಟೂರಿನಲ್ಲಿ ಸೂರ್ಯೋದಯವಾಗುವಾಗ ಬಹಮನಿ ಅರಸರ ಗೋರಿಗಳ ಗುಮ್ಮಟಗಳು ಸಾಲಾಗಿ ಕೆಂಪೇರುತ್ತವೆ. ಚಿತ್ರ ತೆಗೆಯಬಯಸುವವನಿಗೆ ಅಷ್ಟೇ ಸಾಕಾಗುತ್ತದೆ. ಆದರೆ ಅಲ್ಲಿಯ ಶ್ರೇಷ್ಠ ಕಲೆ ಇರುವುದು ಹೊರಗಿನ ಬೆಳಕಿನಲ್ಲಲ್ಲ. 1436ರಲ್ಲಿ ತೀರಿಕೊಂಡ ಅಹ್ಮದ್ ಷಾ ವಲಿಯ ಗೋರಿಯ ಒಳಗೋಡೆ, ಒಳಛಾವಣಿಗಳಲ್ಲಿ ಚಿನ್ನದ ಬಣ್ಣ, ಕೆಂಪು, ನೀಲಿಗಳಿಂದ ಬರೆದ ಬಳ್ಳಿಗಳೂ ಅಕ್ಷರಗಳೂ ಇವೆ. ಒಳಗೆ ಬೆಳಕು ಕಡಿಮೆ. ಹೊರಗಿನಿಂದ ಬಂದ ಕಣ್ಣು ಆ ಮಬ್ಬಿಗೆ ಹೊಂದಿಕೊಳ್ಳುವವರೆಗೆ ಏನೂ ಕಾಣುವುದಿಲ್ಲ. ಕಾದು ನಿಂತವನಿಗೆ ಬಣ್ಣಗಳು ಒಂದೊಂದಾಗಿ ಗೋಚರಿಸುತ್ತವೆ. ಅವಸರದವನು ಕತ್ತಲೆಯ ಕೋಣೆಯೆಂದು ಹೊರಬೀಳುತ್ತಾನೆ.

ಗೋರಿಯ ವಿಷಯದಲ್ಲಿ ನಿಜವಾದುದು ಅದರೊಳಗೆ ಮಲಗಿರುವ ಅರಸನ ವಿಷಯದಲ್ಲೂ ನಿಜ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಅಹ್ಮದ್ ಷಾ. ಬರಗಾಲದಲ್ಲಿ ಆತ ಪ್ರಾರ್ಥಿಸಿದಾಗ ಮಳೆ ಬಂದಿತೆಂಬ ಐತಿಹ್ಯದಿಂದ ಜನ ಆತನನ್ನು ವಲಿ, ಅಂದರೆ ಸಂತ, ಎಂದು ಕರೆದರು. ಆತನ ಉರುಸಿನಲ್ಲಿ ಇಂದಿಗೂ ಲಿಂಗಾಯತ ಜಂಗಮರು ಭಾಗವಹಿಸುತ್ತಾರೆ. ಆತನಲ್ಲಿ ಅಲ್ಲಮಪ್ರಭುವನ್ನೇ ಕಾಣುವ ಭಕ್ತರುಂಟು. ಅದೇ ಅಹ್ಮದ್ ಷಾ ವಿಜಯನಗರದ ಮೇಲೆ ದಂಡೆತ್ತಿ ಹೋದಾಗ ನಿರಾಯುಧರಾದ ಗ್ರಾಮಸ್ಥರನ್ನೂ ಸಾವಿರಾರು ಸಂಖ್ಯೆಯಲ್ಲಿ ಕೊಲ್ಲಿಸಿದನೆಂದು ಇತಿಹಾಸಕಾರ ಫೆರಿಷ್ಟಾ ಬರೆದಿದ್ದಾನೆ. ಸಂತನೆಂದಷ್ಟೇ ತಿಳಿದು ಕೈಮುಗಿದು ಬಂದವನೂ, ಕೊಲೆಗಡುಕನೆಂದಷ್ಟೇ ತಿಳಿದು ಮುಖ ತಿರುಗಿಸಿದವನೂ ಅರ್ಧವನ್ನಷ್ಟೇ ನೋಡಿದ್ದಾರೆ. ಮೊದಲನೆಯವನು ಸತ್ತ ಗ್ರಾಮಸ್ಥರನ್ನು ಮರೆತನು; ಎರಡನೆಯವನು ಐದು ಶತಮಾನಗಳಿಗೂ ಮಿಗಿಲಾಗಿ ಅಲ್ಲಿ ದೀಪ ಹಚ್ಚುತ್ತ ಬಂದ ಸಾಮಾನ್ಯ ಜನರ ಸೌಹಾರ್ದವನ್ನು ಮರೆತನು.

ಅಲ್ಲಿಯೇ ಸಮೀಪದಲ್ಲಿ 1458ರಿಂದ 1461ರವರೆಗೆ ಆಳಿದ ಹುಮಾಯೂನ್ ಷಾನ ಗೋರಿಯಿದೆ. ಈತನು ಬಹಮನಿ ಅರಸ. ಮುಂದಿನ ಶತಮಾನದಲ್ಲಿ ದೆಹಲಿಯನ್ನಾಳಿದ ಮೊಗಲ್ ಹುಮಾಯೂನನು ಬೇರೆ. ಸಿಡಿಲು ಬಡಿದು ಗುಮ್ಮಟದ ಬಹುಭಾಗ ಕುಸಿದಿರುವುದರಿಂದ ಇಟ್ಟಿಗೆಯ ಒಡಲು ಬಯಲಾಗಿ ನಿಂತಿದೆ. ಈತನಿಗೆ ‘ಜಾಲಿಂ’, ಅಂದರೆ ಕ್ರೂರಿ, ಎಂಬ ಹೆಸರು. ಕ್ರೂರಿಯ ಗೋರಿಯನ್ನು ದೈವವೇ ಸೀಳಿತೆಂಬ ಮಾತು ಪ್ರವಾಸಿಗರ ಕಿವಿಗೆ ಬೇಗ ಬೀಳುತ್ತದೆ, ಮನಸ್ಸಿಗೂ ಬೇಗ ಒಪ್ಪುತ್ತದೆ. ನೀತಿಯ ಪಾಠವೊಂದು ಇಷ್ಟು ಸುಲಭವಾಗಿ ದೊರೆತಾಗ ಬೇಡವೆನ್ನುವವರು ಯಾರು? ಮಕ್ಕಳಿಗೂ ಅದನ್ನೇ ಹೇಳಿ, ಪ್ರವಾಸ ಸಾರ್ಥಕವಾಯಿತೆಂದು ತಿಳಿಯುವುದು ಸಹಜ.

ಆದರೆ ಇದೇ ಪ್ರವಾಸಿ ಅದೇ ದಿನ ಬೀದರಿನ ಪೇಟೆಯೊಳಗೆ ಮಹಮೂದ್ ಗವಾನನ ಮದರಸಾದ ಮುಂದೆ ನಿಂತಾಗ ಆ ಪಾಠ ಬಿದ್ದುಹೋಗಬೇಕು. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್, ಸ್ವತಃ ಸರಳವಾಗಿ ಬದುಕಿ, ತನ್ನ ಗಳಿಕೆಯನ್ನು ಬಡವರಿಗೂ ವಿದ್ಯೆಗೂ ವೆಚ್ಚ ಮಾಡಿದವನೆಂದು ಪ್ರಸಿದ್ಧನು. 1472ರಲ್ಲಿ ಪೂರ್ಣಗೊಂಡ ಆತನ ವಿದ್ಯಾಲಯ ಮೂರು ಅಂತಸ್ತಿನದು. ಗ್ರಂಥಾಲಯ, ಪಾಠಶಾಲೆ, ವಿದ್ಯಾರ್ಥಿಗಳ ವಸತಿ ಎಲ್ಲವೂ ಅಲ್ಲಿದ್ದವು. ಆ ಕಟ್ಟಡವೂ ಅರ್ಧ ಉರುಳಿದೆ. 1696ರಲ್ಲಿ, ಬೀದರ ಮೊಗಲರ ವಶದಲ್ಲಿದ್ದಾಗ, ಅಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಮೀನಾರು, ಪ್ರವೇಶದ್ವಾರ ಮುಂತಾದವು ನಾಶವಾದವು. ಆಗಲೂ ಸಿಡಿಲು ಬಡಿದಿತ್ತೆಂದು ಹೇಳುವವರುಂಟು. ಕ್ರೂರಿಯ ಗೋರಿ ಬಿದ್ದುದು ದಂಡನೆಯಾದರೆ ಸಜ್ಜನನ ವಿದ್ಯಾಲಯ ಬಿದ್ದುದು ಏನು? ಸಿಡಿಲು ಎತ್ತರವನ್ನು ನೋಡುತ್ತದೆಯೇ ಹೊರತು ಚಾರಿತ್ರ್ಯವನ್ನು ನೋಡುವುದಿಲ್ಲ. ಇಷ್ಟು ಮಾತ್ರವಲ್ಲ, ಗವಾನನಿಗೆ ಉನ್ನತ ಪದವಿ ಕೊಟ್ಟವರಲ್ಲಿ ಆ ಹುಮಾಯೂನನೂ ಒಬ್ಬನು; ಆತನ ಕ್ರೌರ್ಯದ ಕಥೆಗಳಲ್ಲಿ ಅತಿಶಯೋಕ್ತಿ ಬೆರೆತಿದೆಯೆಂದು ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿ ವಾದಿಸಿದ್ದಾರೆ. ಬೆಳಿಗ್ಗೆ ಅಷ್ಟೂರಿನಲ್ಲಿ ಮಾಡಿದ ತೀರ್ಮಾನ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

ಅವಸರದ ತೀರ್ಮಾನದಿಂದ ಏನಾಗುತ್ತದೆ ಎಂಬುದಕ್ಕೆ ಗವಾನನ ಅಂತ್ಯವೇ ಸಾಕ್ಷಿ. ಆತನ ಏಳಿಗೆಯನ್ನು ಸಹಿಸದ ಸರದಾರರು ಮುದ್ರೆ ಕಾಯುವ ಸೇವಕನನ್ನು ಮರುಳುಗೊಳಿಸಿ, ಬರಿಯ ಕಾಗದದ ಮೇಲೆ ಗವಾನನ ಮುದ್ರೆ ಒತ್ತಿಸಿಕೊಂಡು, ಅದರಲ್ಲಿ ಒಡಿಶಾದ ಅರಸನಿಗೆ ಬರೆದ ದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನ್ ಮೂರನೆಯ ಮಹಮ್ಮದನು ಮುದ್ರೆಯನ್ನು ನೋಡಿದನು. ಮುದ್ರೆ ತನ್ನದೇ, ಪತ್ರ ಮಾತ್ರ ತನ್ನದಲ್ಲವೆಂದು ಗವಾನ್ ಹೇಳಿದುದನ್ನು ವಿಚಾರಿಸುವಷ್ಟು ತಾಳ್ಮೆ ಆತನಿಗಿರಲಿಲ್ಲ. 1481ರ ಏಪ್ರಿಲ್ 5ರಂದು ಆ ವೃದ್ಧನ ಶಿರಚ್ಛೇದವಾಯಿತು. ನಿಜ ತಿಳಿದು ಪಶ್ಚಾತ್ತಾಪಪಟ್ಟ ಸುಲ್ತಾನನು ಮರುವರ್ಷವೇ ಸತ್ತನು. ರಾಜ್ಯವು ಕೆಲವೇ ದಶಕಗಳಲ್ಲಿ ಐದು ಹೋಳಾಯಿತು. ಸುಲ್ತಾನನ ಕಣ್ಣಿಗೆ ಬಿದ್ದ ಮುದ್ರೆ ಸುಳ್ಳಾಗಿರಲಿಲ್ಲ, ನಿಜವೇ ಆಗಿತ್ತು. ನೋಡಿದುದು ನಿಜವಾಗಿದ್ದರೂ ನೋಟ ತಪ್ಪಾಗಬಹುದೆಂಬುದಕ್ಕೆ ಇದಕ್ಕಿಂತ ಕಠೋರವಾದ ದೃಷ್ಟಾಂತ ದೊರೆಯುವುದು ಕಷ್ಟ.

ಮೊಗಲರ ಸುಪ್ರಸಿದ್ಧ ಸ್ಮಾರಕಗಳಿಗೂ ಈ ವಿಚಾರ ಅನ್ವಯಿಸುತ್ತದೆ. ತಾಜಮಹಲನ್ನು ಕಟ್ಟಿಸಿದ ಷಹಜಹಾನನ ಆಳ್ವಿಕೆಯಲ್ಲೇ, 1657ರಲ್ಲಿ, ದಕ್ಕನಿನ ಸುಬೇದಾರನಾಗಿದ್ದ ಆತನ ಮಗ ಔರಂಗಜೇಬನು ಬೀದರ ಕೋಟೆಗೆ ಮುತ್ತಿಗೆ ಹಾಕಿದನು. ವಿಜಾಪುರದ ಪರವಾಗಿ ಕೋಟೆ ಕಾಯುತ್ತಿದ್ದ ವೃದ್ಧ ಕಿಲ್ಲೇದಾರ ಸಿದ್ದಿ ಮರ್ಜಾನನು ಮದ್ದಿನ ರಾಶಿ ಸಿಡಿದು ಸುಟ್ಟ ಗಾಯಗಳಿಂದ ಸತ್ತನು. 27 ದಿನಗಳಲ್ಲಿ ಕೋಟೆ ಬಿತ್ತು. ಅದೇ ವರ್ಷ ಔರಂಗಜೇಬನ ಪತ್ನಿ ದಿಲ್‌ರಸ್ ಬಾನು ತೀರಿಕೊಂಡಳು. ಆಕೆಯ ನೆನಪಿಗೆ ಔರಂಗಾಬಾದಿನಲ್ಲಿ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಎದ್ದುನಿಂತ ಬೀಬೀ ಕಾ ಮಕ್ಬರಾವನ್ನು ನೋಡಲು ಬೀದರ ಜಿಲ್ಲೆಯಿಂದಲೂ ಜನ ಹೋಗುತ್ತಾರೆ. ಅದನ್ನು ದಾಂಪತ್ಯಪ್ರೇಮದ ಗುರುತೆಂದು ಹೊಗಳುವವರಿಗೆ ಅದೇ ವರ್ಷ ಬೀದರಿನಲ್ಲಿ ಸತ್ತವರ ನೆನಪು ಬರುವುದಿಲ್ಲ. ತಾಜಮಹಲಿನ ಕೆಲಸ ಆರಂಭವಾದ 1632ರ ಹೊತ್ತಿಗೆ ಗುಜರಾತ್, ದಕ್ಕನ್ ಪ್ರಾಂತಗಳು 1630ರಿಂದ ಬಾಧಿಸಿದ ಘೋರ ಕ್ಷಾಮದಿಂದ ತತ್ತರಿಸಿದ್ದವು ಎಂಬುದನ್ನೂ ಬೆಳಗಿನ ಹೊಂಬಣ್ಣದ ಅಮೃತಶಿಲೆ ಹೇಳುವುದಿಲ್ಲ. ಪ್ರೇಮವೂ ನಿಜ, ಮರಣವೂ ನಿಜ. ಒಂದನ್ನು ಕಾಣಲು ಮತ್ತೊಂದನ್ನು ಅಳಿಸಬೇಕಾಗಿಲ್ಲ.

ಹಾಗಾದರೆ ಯುದ್ಧದಿಂದ ಗಳಿಸಿದ ಹಣದಲ್ಲಿ ಎದ್ದ ಕಟ್ಟಡಗಳನ್ನು ಅಹಿಂಸೆಯನ್ನು ನಂಬುವವರು ನೋಡಲೇಬಾರದೆಂದು ಕೆಲವರು ವಾದಿಸಬಹುದು. ಈ ವಾದದಲ್ಲಿ ನಿಷ್ಠೆಯಿದೆ, ವಿವೇಕ ಸಾಲದು. ಕಲ್ಲನ್ನು ಕಡಿದವನು, ಗಾರೆ ಅರೆದವನು, ಬಣ್ಣ ತುಂಬಿದವನು ಯುದ್ಧವನ್ನು ಸಾರಿದವರಲ್ಲ. ಅವರಲ್ಲಿ ಬಹುಮಂದಿಯ ಹೆಸರು ಯಾವ ಶಾಸನದಲ್ಲೂ ಇಲ್ಲ. ಅರಸನ ಮೇಲಿನ ಕೋಪದಿಂದ ಅವರ ಕೃತಿಗೆ ಬೆನ್ನು ತಿರುಗಿಸಿದರೆ ಅವರು ಎರಡನೆಯ ಸಲ ಮರೆಯಾಗುತ್ತಾರೆ. ಅದಲ್ಲದೆ, ಹಿಂಸೆಯ ಚರಿತ್ರೆಯನ್ನು ನೋಡಲು ಒಲ್ಲದವನಿಗೆ ಅದರ ಗುರುತು ಸಿಗುವ ಬಗೆಯಾದರೂ ಯಾವುದು?

ಇನ್ನೊಂದು ಆಕ್ಷೇಪ ಹೆಚ್ಚು ನ್ಯಾಯವಾದುದು. ಔರಾದ ತಾಲೂಕಿನ ಕೂಲಿಕಾರನ ಮನೆಗೆ ವರ್ಷಕ್ಕೆ ಒಂದು ದಿನದ ಬಿಡುವು ದೊರೆತರೆ ಹೆಚ್ಚು. ಮಕ್ಕಳ ಗುಂಪನ್ನು ಕರೆತಂದ ಶಿಕ್ಷಕನಿಗೆ ಬಸ್ಸಿನ ಬಾಡಿಗೆಯ ಲೆಕ್ಕವೇ ತಲೆಯಲ್ಲಿರುತ್ತದೆ. ಇಂಥವರಿಗೆ ನಿಧಾನದ ಉಪದೇಶ ಮಾಡುವುದು ಉಳ್ಳವರ ಮಾತಾಗುವುದಿಲ್ಲವೆ? ಆಗುತ್ತದೆ, ನಿಧಾನವನ್ನು ಗಂಟೆಗಳಿಂದ ಅಳೆದರೆ. ಆದರೆ ಪ್ರಮಾದವು ಸಮಯದ ಅಭಾವವಲ್ಲ, ಗಮನದ ಅಭಾವ. ಒಂದು ದಿನದಲ್ಲಿ ಹನ್ನೆರಡು ಸ್ಥಳಗಳ ಪಟ್ಟಿ ಹಿಡಿದು ಓಡುವವನಿಗಿಂತ ಅದೇ ದಿನದಲ್ಲಿ ಎರಡೇ ಸ್ಥಳಗಳಲ್ಲಿ ನಿಂತವನು ಖರ್ಚನ್ನು ಹೆಚ್ಚಿಸಿಕೊಂಡಿಲ್ಲ. ಇದನ್ನು ಕಟ್ಟಿದವರು ಯಾರು, ಯಾರ ದುಡಿಮೆಯಿಂದ ಕಟ್ಟಿದರು, ಕೆಡಿಸಿದವರು ಯಾರು, ಈಗ ಕಾಯುತ್ತಿರುವವರು ಯಾರು ಎಂಬ ನಾಲ್ಕು ಪ್ರಶ್ನೆಗಳನ್ನು ಮಕ್ಕಳ ಕೈಗೆ ಕೊಡುವುದಕ್ಕೆ ಹಣ ಬೇಡ. ಮೊಳೆಯಿಂದ ಗೋಡೆಯ ಮೇಲೆ ಹೆಸರು ಕೆತ್ತುವ ಕೈಯನ್ನು ತಡೆಯುವುದಕ್ಕೂ ಬೇಡ. ಹಾಗೆ ಕೆತ್ತುವವನು ದುಷ್ಟನೇನಲ್ಲ. ತಾನು ನಿಂತಿರುವ ಸ್ಥಳ ಯಾವುದೆಂದು ನೋಡದವನು.

ಎಚ್ಚರದ ನೋಟಕ್ಕೆ ಮಾದರಿಗಳು ಬೀದರಿನಲ್ಲಿಯೇ ಇವೆ. ಬಿದರಿ ಪಾತ್ರೆಗಳಿಗೆ ಕಪ್ಪು ಹೊಳಪನ್ನು ಕೊಡಲು ಕುಶಲಕರ್ಮಿಗಳು ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ಬೆರೆಸುತ್ತಾರೆ. ಯಾವ ಮಣ್ಣು ತಕ್ಕುದೆಂದು ನಾಲಿಗೆಯ ಮೇಲೆ ಇಟ್ಟು ರುಚಿಯಿಂದ ತಿಳಿಯುವುದು ಅವರ ಪರಂಪರೆ. ಕೋಟೆಯನ್ನು ಒಂದು ದಿನದಲ್ಲಿ ಸುತ್ತುವವನಿಗೆ ಕಾಲಡಿಯ ಧೂಳಾಗಿರುವುದು ಅವರಿಗೆ ವಿದ್ಯೆಯ ವಿಷಯವಾಗಿದೆ. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿಯವರು ಬೀದರಿನ ಒಂದೊಂದು ಗೋರಿ, ಮಸೀದಿ, ದ್ವಾರಗಳನ್ನು ಅಳೆದು, ಶಾಸನಗಳನ್ನು ಓದಿ, 1947ರಲ್ಲಿ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದರು. ಅರಸರ ಭವ್ಯ ಕಟ್ಟಡಗಳ ಜೊತೆಗೆ ಸಣ್ಣಪುಟ್ಟ ಗೋರಿಗಳಿಗೂ ಅದರಲ್ಲಿ ಸ್ಥಳವಿದೆ. ಎಲ್ಲರೂ ಯಜ್ದಾನಿಯವರಾಗಲಾರರು. ಆದರೆ ಅಂಥವರೊಬ್ಬರು ವರ್ಷಗಟ್ಟಲೆ ನೋಡಿದುದನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿದೆನೆಂಬ ಅಹಂಕಾರವನ್ನು ಯಾರಾದರೂ ಬಿಡಬಲ್ಲರು.

ಗೋರ್ನಳ್ಳಿಯ ಸಮೀಪ ಮಹಮೂದ್ ಗವಾನನ ಗೋರಿಯಿದೆ. ಅದರ ಮೇಲೆ ಗುಮ್ಮಟವಿಲ್ಲ. ಸೂರ್ಯೋದಯದ ಚಿತ್ರಕ್ಕೆ ಅಲ್ಲಿ ಏನೂ ದೊರೆಯದು. ಭಾಲ್ಕಿಯಿಂದಲೋ ಔರಾದಿನಿಂದಲೋ ಬಂದ ಕುಟುಂಬವೊಂದು ಪಟ್ಟಿಯಲ್ಲಿನ ಎರಡು ಗುಮ್ಮಟಗಳನ್ನು ಬಿಟ್ಟು ಅಲ್ಲಿಗೆ ಹೋಗಿ, ಒಂದು ಮುದ್ರೆಯನ್ನು ವಿಚಾರಿಸದೆ ನಂಬಿದುದರಿಂದ ಆದ ಅನ್ಯಾಯವನ್ನು ಮಕ್ಕಳಿಗೆ ತಿಳಿಯ ಹೇಳಿದರೆ ಆ ದಿನದ ಪ್ರವಾಸಕ್ಕೆ ಅರ್ಥ ಬರುತ್ತದೆ. ಕಲ್ಲಿನ ಮುಂದೆ ಕಲಿತ ತಾಳ್ಮೆಯು ಊರಿಗೆ ಮರಳಿದ ಮೇಲೆ ನೆರೆಯವನನ್ನು ನೋಡುವಾಗಲೂ ಉಳಿಯಬೇಕು. ಕಲ್ಲು ತಪ್ಪು ತೀರ್ಮಾನವನ್ನು ಸಹಿಸಿಕೊಂಡೀತು. ಮನುಷ್ಯನು ಅದರಿಂದ ನೋಯುತ್ತಾನೆ.