ಗುಂಪು ಮೊದಲು, ಗುರಿ ಆಮೇಲೆ

ದೂರದ ಗುರಿಗೆ ಕೋವಿಯನ್ನು ಸಿದ್ಧಮಾಡುವವನು ಮೊದಲು ಹಲಗೆಯ ನಡುವಿನ ಚುಕ್ಕೆಯನ್ನು ಮರೆಯಬೇಕು. ಐದು ಗುಂಡು ಎಲ್ಲಿ ಬಿದ್ದರೂ ಸರಿ, ಒಂದರ ಮಗ್ಗುಲಲ್ಲಿ ಒಂದು ಬಿದ್ದರೆ ಸಾಕು. ಎಡಕ್ಕೆ ಗೇಣುದ್ದ ಸರಿದು ಗುಂಪಾದ ತೂತುಗಳನ್ನು ಸೈಟು ಸರಿಸಿ ನಡುವಿಗೆ ತರಬಹುದು. ಚೆಲ್ಲಾಪಿಲ್ಲಿಯಾದ ಐದರಲ್ಲಿ ಒಂದು ನಟ್ಟನಡುವೆ ಕೂತಿದ್ದರೂ ಅದು ಏನನ್ನೂ ಕಲಿಸುವುದಿಲ್ಲ. ಮನೆಗೆ ಹೋಗಿ ಹೇಳಿಕೊಳ್ಳಲಷ್ಟೇ ಬರುತ್ತದೆ.

*

ಒಂದೇ ರೀತಿ ತಪ್ಪುವವನನ್ನು ತಿದ್ದಬಹುದು. ದಿನಕ್ಕೊಂದು ರೀತಿ ತಪ್ಪುವವನಿಗೆ ಗುರುವೂ ಇಲ್ಲ, ದುರ್ಬೀನೂ ಇಲ್ಲ.

*

ಕಾರ್ಕಳದ ಆಚೆ, ಘಟ್ಟದ ಬುಡದ ಅಡಿಕೆ ತೋಟದ ಮನೆಗಳಲ್ಲಿ ಕೋವಿ ಇದ್ದರೆ ಅದು ಹೆಚ್ಚಾಗಿ 12 ಬೋರಿನ ತೋಟೆ ಕೋವಿ, ತುಳುವಿನವರ ಬಾಯಲ್ಲಿ ಬೆಡಿ. ಪರವಾನಗಿಯ ಕಾರಣ ಬೆಳೆ ರಕ್ಷಣೆ. ನಲವತ್ತು ಮೀಟರು ದಾಟಿದರೆ ಅದರ ಚರೆ ಹರಡಿ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ರಾತ್ರಿ ಗದ್ದೆಗಿಳಿದ ಹಂದಿಯನ್ನು ಓಡಿಸಲು ಬೇಕಾದದ್ದು ಸದ್ದು, ಸದ್ದಿಗೆ ಸೈಟು ಬೇಡ. ಹಾಗಾಗಿ ಜೀವಮಾನವಿಡೀ ಕೋವಿ ಇಟ್ಟುಕೊಂಡ ಮನುಷ್ಯ ತನ್ನ ಕೋವಿ ಎಲ್ಲಿಗೆ ಹೊಡೆಯುತ್ತದೆಂದು ತಿಳಿಯದೆಯೇ ಇದ್ದುಬಿಡಬಹುದು. ಹತ್ತಿರದ ಕೆಲಸ ಎಲ್ಲ ಐಬುಗಳನ್ನೂ ಮುಚ್ಚಿಡುತ್ತದೆ.

*

ರೈಫಲು ಇರುವ ಮನೆ ಕಡಿಮೆ. ಇದ್ದಲ್ಲಿ ಅದು ಬಹುಪಾಲು ಬಂಗಾಳದ ಇಶಾಪುರ ಕಾರ್ಖಾನೆಯ .315. ಬೋಲ್ಟಿನ ಕುಲ ಬ್ರಿಟಿಷರ ಲೀ-ಎನ್‌ಫೀಲ್ಡಿನದು, ತೋಟೆಯ ಕುಲ ಆಸ್ಟ್ರಿಯಾದ ಮ್ಯಾನ್ಲಿಷರಿನದು. ಸೈನ್ಯದ .303 ತೋಟೆ ಊರಿನವರ ಕೋವಿಗೆ ಒದಗಬಾರದೆಂದು ಆಳುವವರು ಬೇರೆ ಅಳತೆ ಗೊತ್ತುಮಾಡಿದರು. ಆಳುವವರ ಭಯ ಕೋವಿಯ ನಳಿಗೆಯ ಒಳಗಲದಲ್ಲೂ ಉಳಿದುಕೊಂಡು ಬಂದಿದೆ. 1972ರ ವನ್ಯಜೀವಿ ಕಾಯ್ದೆಯ ನಂತರ ಅದರ ಶಿಕಾರಿಯ ಕೆಲಸ ಮುಗಿಯಿತು. ಈಗ ಅದಕ್ಕೆ ಮರ್ಯಾದೆಯ ಕೆಲಸ ಏನಾದರೂ ಉಳಿದಿದ್ದರೆ ಅದು ಕಾಗದಕ್ಕೆ ತೂತು ಹಾಕುವುದು.

*

ಕಾಗದ ಓಡುವುದಿಲ್ಲ, ನರಳುವುದಿಲ್ಲ, ಸುಳ್ಳೂ ಹೇಳುವುದಿಲ್ಲ. ಶಿಕಾರಿಯ ಕತೆಗಳಲ್ಲಿ ತಪ್ಪಿದ ಗುಂಡುಗಳು ಅಷ್ಟು ಕಡಿಮೆ ಇರುವುದಕ್ಕೆ ಕಾರಣ ಅಲ್ಲಿ ಕಾಗದ ಇರಲಿಲ್ಲ ಎಂಬುದೇ.

*

ಐವತ್ತು ಮೀಟರಿನಲ್ಲಿ ಆರು ಸೆಂಟಿಮೀಟರಿನೊಳಗೆ ಗುಂಪು ಹಾಕುವ ಕೋವಿಯನ್ನು ಯಾರೂ ದೂರುವುದಿಲ್ಲ. ಅದೇ ಗುಂಪು ಮುನ್ನೂರು ಮೀಟರಿನಲ್ಲಿ ಮೂವತ್ತಾರು ಸೆಂಟಿಮೀಟರು ಆಗುತ್ತದೆ, ಅದೂ ಗಾಳಿ ಸುಮ್ಮನಿದ್ದರೆ. ದೂರ ಹೊಸ ತಪ್ಪನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ದೊಡ್ಡದು ಮಾಡಿ ತೋರಿಸುತ್ತದೆ.

*

ನಮ್ಮ ಕಡೆ ಕೋವಿಯ ಮೊದಲ ವೈರಿ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರಿನ ತನಕ ಮರ ನೀರು ಹೀರಿ ಉಬ್ಬುತ್ತದೆ. ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವ ಹಾಗೆ ಕೋವಿಯ ಮರದ ಮೈ ನಳಿಗೆಯನ್ನು ಒಂದು ಕಡೆಯಿಂದ ಒತ್ತುತ್ತದೆ. ಗುಂಡು ಹೊರಡುವಾಗ ನಳಿಗೆ ನಡುಗುವುದು ಸಹಜ. ಪ್ರತಿ ಸಲ ಒಂದೇ ಥರ ನಡುಗಿದರೆ ತೊಂದರೆಯಿಲ್ಲ. ಒತ್ತಿದ ಮರ ಆ ನಡುಕವನ್ನು ಕೆಡಿಸಿ ಗುಂಪನ್ನು ಒಡೆಯುತ್ತದೆ. ಬೇಸಗೆಯಲ್ಲಿ ಸರಿಯಿದ್ದ ಕೋವಿ ಆಟಿಯ ಮಳೆಯಲ್ಲಿ ಬಲಕ್ಕೆ ಹೊಡೆದರೆ ಮನೆಯವರು ಗಾಬರಿಯಾಗುತ್ತಾರೆ. ಅನುಭವಸ್ಥರು ಹೇಳುವ ಮಾತು ಒಂದೇ: “ಬೆಡಿ ಹಾಳಾದ್ದಲ್ಲ ಮಾರಾಯಾ, ಮರ ನೀರು ಕುಡಿದದ್ದು.”

*

ನಳಿಗೆಗೂ ಮರಕ್ಕೂ ನಡುವೆ ಒಂದು ನೂರು ರೂಪಾಯಿ ನೋಟನ್ನು ತೂರಿಸಿ ತುದಿಯಿಂದ ಹಿಂದಕ್ಕೆ ಎಳೆದು ನೋಡುವುದು ಹಳೆಯ ಪರೀಕ್ಷೆ. ಎಲ್ಲೂ ಸಿಕ್ಕಿಕೊಳ್ಳದೆ ಬಂದರೆ ನಳಿಗೆ ಮುಕ್ತವಾಗಿದೆ. ಸಿಕ್ಕಿದಲ್ಲಿ ಮರ ಕೆರೆಯಬೇಕು. ಅದಕ್ಕಿಂತ ಮೊದಲು ಮೈಯ ತಿರುಪುಗಳು ಬಿಗಿ ಇವೆಯೇ ನೋಡಬೇಕು. ಸಾವಿರಾರು ರೂಪಾಯಿಯ ದುರ್ಬೀನು ಕೊಂಡವನ ಕೋವಿಯಲ್ಲಿ ತಿರುಪು ಅರ್ಧ ಸುತ್ತು ಸಡಿಲವಿರುವುದು ಅಪರೂಪವೇನಲ್ಲ.

*

ಎರಡನೆಯ ವೈರಿ ಕಡಲು. ಕಾಪುವಿನಲ್ಲಿ 1901ರ ದೀಪಸ್ತಂಭದ ಸುತ್ತಮುತ್ತಲಿನ ಮನೆಗಳಲ್ಲಿ ಕಿಟಕಿಯ ಸರಳು, ಸೈಕಲ್ಲಿನ ಚೈನು, ಬೀಗ ಎಲ್ಲಕ್ಕೂ ತುಕ್ಕಿನ ಬಣ್ಣ. ಹಳೆಯ ಕಾಲದ ತೋಟೆಗಳ ಕೇಪು ಸಿಡಿದಾಗ ನಳಿಗೆಯೊಳಗೂ ಒಂದು ಉಪ್ಪು ಉಳಿಯುತ್ತದೆ. ಹೊರಗಿನ ಉಪ್ಪು, ಒಳಗಿನ ಉಪ್ಪು ಎರಡೂ ಗಾಳಿಯ ಪಸೆಯನ್ನು ಕರೆದು ಕೂರಿಸಿಕೊಳ್ಳುತ್ತವೆ. ಆ ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಹಾಗಾಗಿ ಮೊದಲು ಬಿಸಿನೀರು, ಒಣಬಟ್ಟೆ, ಆಮೇಲೆ ಎಣ್ಣೆ. ಸರಳು ಹಾಕಿ ಒರೆಸುವುದಾದರೆ ಹಿಂದಿನಿಂದ, ಬೋಲ್ಟ್ ತೆಗೆದು. ಮುಂದಿನ ಬಾಯಿಯಿಂದ ಹಾಕಿದರೆ ಸರಳು ಬಾಯಂಚನ್ನೇ ಸವೆಸುತ್ತದೆ, ಗುಂಡು ಕೊನೆಯದಾಗಿ ಮುಟ್ಟಿ ಹೋಗುವುದು ಅದನ್ನೇ.

*

ಆಯುಧ ಪೂಜೆಯ ದಿನ ಹಚ್ಚಿದ ಗಂಧವನ್ನು ಮರುದಿನವಾದರೂ ಒರೆಸಬೇಕು. ಒದ್ದೆ ಗಂಧದ ಕೆಳಗೂ ಕಬ್ಬಿಣ ಕಬ್ಬಿಣವೇ. ದೇವಿ ಬೇಸರ ಮಾಡಿಕೊಳ್ಳಲಾರಳು.

*

ಕೋವಿ ಖಾಲಿ ಇದೆ ಎಂದು ಯಾರಾದರೂ ಹೇಳಿದರೆ ಅದು ಅವರ ನಂಬಿಕೆ. ಬೋಲ್ಟ್ ತೆರೆದು, ಕಣ್ಣಿಟ್ಟು ನೋಡಿ, ಕಿರುಬೆರಳಿಟ್ಟು ಮುಟ್ಟಿದ ಮೇಲೆ ಅದು ಸಂಗತಿ.

*

ಗುಂಡು ನೆಟ್ಟಗೆ ಹೋಗುತ್ತದೆಂದು ತಿಳಿದವರೇ ಹೆಚ್ಚು. ಮಣಿಪಾಲದಲ್ಲಿ ಭೌತಶಾಸ್ತ್ರ ಓದುವ ಹುಡುಗಿ ಹಲಗೆಯ ಮೇಲೆ ಅರ್ಧ ನಿಮಿಷದಲ್ಲಿ ಬರೆದು ತೋರಿಸಬಲ್ಲಳು: ಸೆಕೆಂಡಿಗೆ ಏಳುನೂರು ಮೀಟರು ಹೋಗುವ ಗುಂಡು, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ, ನೂರು ಮೀಟರಿಗೆ 10 ಸೆಂಟಿಮೀಟರು ಇಳಿಯುತ್ತದೆ, ಇನ್ನೂರಕ್ಕೆ 40, ಮುನ್ನೂರಕ್ಕೆ 90. ದೂರ ಮೂರು ಪಟ್ಟು, ಇಳಿತ ಒಂಬತ್ತು ಪಟ್ಟು. ಗಾಳಿ ತಡೆದರೆ ಇನ್ನೂ ಹೆಚ್ಚು. ಅಂದರೆ ದೂರದ ಗುರಿಗೆ ನೆಟ್ಟಗೆ ಹಿಡಿದವನು ನೆಲಕ್ಕೇ ಹೊಡೆದಂತೆ. ಮೇಲಕ್ಕೆ ಹಿಡಿಯಬೇಕು, ಎಷ್ಟು ಮೇಲಕ್ಕೆ ಎಂಬುದನ್ನು ಆ ಕೋವಿಯಿಂದಲೇ, ಆ ತೋಟೆಯಿಂದಲೇ ಹೊಡೆದು ಬರೆದಿಟ್ಟುಕೊಳ್ಳಬೇಕು. ಬೇರೆಯವರ ಕೋವಿಯ ಲೆಕ್ಕ ಬೇರೆಯವರ ಕನ್ನಡಕ.

*

ಕರಾವಳಿಯ ಸೆಕೆಯಲ್ಲಿ ಗಾಳಿ ಭಾರ ಅನಿಸುತ್ತದೆ. ಭಾರ ನಮಗೆ, ಗುಂಡಿಗಲ್ಲ. ನೀರಾವಿ ಸಾರಜನಕಕ್ಕಿಂತಲೂ ಆಮ್ಲಜನಕಕ್ಕಿಂತಲೂ ಹಗುರ, ಹಾಗಾಗಿ ತೇವದ ಗಾಳಿ ಒಣಗಾಳಿಗಿಂತ ತುಸು ತೆಳು. ನಿಜವಾದ ವ್ಯತ್ಯಾಸ ಎತ್ತರದ್ದು. 1,894 ಮೀಟರಿನ ಕುದುರೆಮುಖದ ನೆತ್ತಿಯಲ್ಲಿ ಗಾಳಿ ಕಾಪುವಿನದಕ್ಕಿಂತ ಸುಮಾರು ಆರನೇ ಒಂದು ಪಾಲು ತೆಳ್ಳಗೆ. ಅಲ್ಲಿ ಕೋವಿ ಹಿಡಿಯಬೇಕೆಂದಲ್ಲ. ಅದು 1987ರಿಂದ ರಾಷ್ಟ್ರೀಯ ಉದ್ಯಾನ, ಹಿಡಿದವನ ವಿಳಾಸ ಬೇರೆಯಾದೀತು.

*

ಗಾಳಿಯನ್ನು ಓದಲು ಕಲಿಯಬೇಕೆಂದರೆ ಮೀನುಗಾರರ ಪಕ್ಕ ಕೂರಬೇಕು. ಮುಂಜಾನೆ ಗಾಳಿ ನೆಲದಿಂದ ಕಡಲಿಗೆ, ಮಧ್ಯಾಹ್ನದ ಮೇಲೆ ಕಡಲಿಂದ ನೆಲಕ್ಕೆ. ಉತ್ತರ-ದಕ್ಷಿಣವಾಗಿ ನಿಂತ ಗುರಿಗೆ ಬೆಳಿಗ್ಗೆ ಒಂದು ತಿದ್ದುಪಡಿ, ಸಂಜೆ ಅದಕ್ಕೆ ಎದುರಿನದು. ನಡುವೆ ಗಾಳಿ ಮನಸ್ಸು ಬದಲಿಸುವ ಒಂದು ಹೊತ್ತಿದೆ, ಆಗ ತೆಂಗಿನ ಗರಿ ಒಂದು ಮಾತು ಹೇಳುತ್ತದೆ, ಹುಲ್ಲು ಇನ್ನೊಂದು. ಆ ಹೊತ್ತಿನಲ್ಲಿ ಚಹಾ ಕುಡಿಯುವವನು ತೋಟೆ ಉಳಿಸುತ್ತಾನೆ.

*

ಪಾಳುಬಿದ್ದ ಕೆಂಪುಕಲ್ಲಿನ ಕೋರೆ ನೋಡಿದರೆ ಅಭ್ಯಾಸಕ್ಕೆಂದೇ ಕಡಿದಿಟ್ಟಂತೆ ಕಾಣುತ್ತದೆ. ಮೋಸ ಅದು. ಮಣ್ಣಿನ ದಿಬ್ಬ ಗುಂಡನ್ನು ನುಂಗುತ್ತದೆ, ಕಲ್ಲಿನ ಗೋಡೆ ತಿರುಗಿಸಿ ಕಳಿಸುತ್ತದೆ. ಕಡಲ ತೀರ ಅದಕ್ಕಿಂತಲೂ ಕೆಟ್ಟದ್ದು: ರೈಫಲಿನ ಗುಂಡು ನೀರಿನ ಮೇಲೆ ಜಾರಿ ದೋಣಿಯ ತನಕ ಹೋದೀತು. ಬೆಳೆ ರಕ್ಷಣೆಯ ಪರವಾನಗಿ ಎಲ್ಲೆಂದರಲ್ಲಿ ಗುರಿ ಅಭ್ಯಾಸ ಮಾಡುವ ಪರವಾನಗಿಯೂ ಅಲ್ಲ. ಅದಕ್ಕೆ ಅನುಮತಿ ಪಡೆದ ರೇಂಜ್ ಬೇಕು. ಹಾಗಾಗಿ ಇಲ್ಲಿಯ ಕೋವಿಗೆ ದೂರ ಎಂಬುದು ಮೊದಲು ಬಸ್ಸಿನ ದೂರ, ಆಮೇಲೆ ಗುಂಡಿನ ದೂರ.

*

ಚುನಾವಣೆ ಘೋಷಣೆಯಾದರೆ ಕೋವಿ ಠಾಣೆಗೆ. ವಿನಾಯಿತಿ ಬೇಕಾದವರು ಮಣಿಪಾಲದ ರಜತಾದ್ರಿಗೆ, ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಿಡಿದು ಹೋಗಬೇಕು. ನೀತಿ ಸಂಹಿತೆ ಜಾರಿಯಾದದ್ದು ಹಂದಿಗೆ ಗೊತ್ತಿಲ್ಲ, ಮಂಗಕ್ಕೂ ಗೊತ್ತಿಲ್ಲ. ರೈತರ ಈ ದೂರಿನಲ್ಲಿ ಹುರುಳಿದೆ, ಠಾಣೆಯವರ ಭಯದಲ್ಲೂ ಇದೆ. ಕೋವಿಯ ಮಟ್ಟಿಗೆ ಹೇಳುವುದಾದರೆ, ತಿಂಗಳುಗಟ್ಟಲೆ ಬೇರೆ ಕೋವಿಗಳ ಜೊತೆ ಮೂಲೆಯಲ್ಲಿ ಒರಗಿ ನಿಂತು ಬಂದದ್ದನ್ನು ಹಳೆಯ ಸೈಟಿನ ಮೇಲೆ ನಂಬಬಾರದು. ಮತ್ತೆ ಮೊದಲಿನಿಂದ ಗುಂಪು ನೋಡಬೇಕು.

*

ತೋಟೆ ಕೋವಿಯ ಒದೆತ ತಿಂದ ಹೆಗಲು ಅದನ್ನು ಮರೆಯುವುದಿಲ್ಲ. ರೈಫಲಿನ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತದೆ, ಹೆಗಲು ಮುಂದೆ ಬರುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಹಿಡಿದವನಿಗೆ ಇದು ತಿಳಿಯುವುದೇ ಇಲ್ಲ. ರೇಂಜಿನಲ್ಲಿ ಗೆಳೆಯನೊಬ್ಬ ಗೊತ್ತಾಗದಂತೆ ನಡುವೆ ಹುಸಿ ತೋಟೆ ತುಂಬಿಕೊಟ್ಟರೆ ಸದ್ದಿಲ್ಲದ ಆ ಒಂದು ಎಳೆತದಲ್ಲಿ ನಳಿಗೆ ಬಾಗುವುದು ಎಲ್ಲರಿಗೂ ಕಾಣುತ್ತದೆ. ಕೋವಿಯನ್ನು ಸಿದ್ಧಮಾಡುವ ಕೆಲಸದಲ್ಲಿ ಅರ್ಧ ಪಾಲು ಈ ಹೆಗಲಿನದು. ಅದನ್ನು ಯಾವ ರಿಪೇರಿ ಅಂಗಡಿಯೂ ತೆಗೆದುಕೊಳ್ಳುವುದಿಲ್ಲ.

*

ದುರ್ಬೀನು ಗುರಿಯನ್ನು ಹತ್ತಿರ ತರುತ್ತದೆ, ಕೈಯ ನಡುಕವನ್ನೂ. ಕೊಂಡವರು ಮೊದಲ ದಿನ ದೂರುವುದು ಎರಡನೆಯದನ್ನೇ.

*

ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ, ಸೆಪ್ಟೆಂಬರಿನ ಆರಂಭದಲ್ಲಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ತುಳುನಾಡಿನಲ್ಲಿ ಕಾಯಿಗೆ ಕಾಯಿ ಕುಟ್ಟಿ ಒಡೆಯುವ ಪಂದ್ಯ. ಎರಡರಲ್ಲೂ ಕಾಯಿಯೇ ಸೋಲುವುದು. ಆದರೆ ಕೊಡವರಿಗೆ ಕೋವಿಯ ಪರವಾನಗಿಯಿಂದಲೇ ವಿನಾಯಿತಿಯಿದೆ, ನೆರೆದ ಊರಿನ ಮುಂದೆ ತಪ್ಪುವ ಅವಕಾಶವೂ ಇದೆ. ನಮ್ಮಲ್ಲಿ ಕೋವಿ ಕಪಾಟಿನಲ್ಲಿ, ಅಭಿಮಾನ ಚಾವಡಿಯಲ್ಲಿ.

*

ನಮ್ಮ ಊರಿನ ಮಕ್ಕಳಿಗೆ ನೇರವಾದ ದಾರಿ ರೈಫಲಿನದಲ್ಲ, 4.5 ಮಿಲಿಮೀಟರಿನ ಏರ್ ರೈಫಲಿನದು. ಹತ್ತು ಮೀಟರು ದೂರದಲ್ಲಿ ನಡುವಿನ ಚುಕ್ಕೆ ಅರ್ಧ ಮಿಲಿಮೀಟರು. 2008ರ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಆ ಚುಕ್ಕೆಯ ಎದುರು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನಿಂದ ಬೆಳ್ಳಿ ತಂದದ್ದೂ ಅದೇ ಹತ್ತು ಮೀಟರಿನಿಂದ. ಹತ್ತು ಮೀಟರು ಅಂದರೆ ನಮ್ಮ ಹಳೆಯ ಮನೆಯ ಅಂಗಳದ ಉದ್ದ. ದೂರವನ್ನು ಹಿಗ್ಗಿಸದೆ ಗುರಿಯನ್ನು ಕುಗ್ಗಿಸಿದರೂ ಅಷ್ಟೇ ಕಷ್ಟವಾಗುತ್ತದೆಂದು ಯಾರೋ ಬುದ್ಧಿವಂತರು ಕಂಡುಕೊಂಡಿದ್ದಾರೆ.

*

ಅತ್ತೂರಿನ ಜಾತ್ರೆಯಲ್ಲಿ, ಪರ್ಯಾಯದ ಸಂತೆಯಲ್ಲಿ ಬಲೂನಿಗೆ ಹೊಡೆಯುವ ಅಂಗಡಿ ಇರುತ್ತದೆ. ಆ ಏರ್‌ಗನ್ನಿನ ಸೈಟು ನೆಟ್ಟಗಿರುತ್ತದೆಂದು ಯಾರೂ ಭಾವಿಸುವುದಿಲ್ಲ. ದೊಡ್ಡವರು ಎರಡು ಸಲ ತಪ್ಪಿ, ಕೋವಿಯನ್ನು ಬೈದು, ಚುರುಮುರಿ ಕೊಳ್ಳಲು ಹೋಗುತ್ತಾರೆ. ಹುಡುಗನೊಬ್ಬ ಬೈಯುವುದಿಲ್ಲ. ಮೊದಲ ಗುಂಡು ಎಡಕ್ಕೆ ಹೋಯಿತು, ಎರಡನೆಯದೂ ಅಷ್ಟೇ ಎಡಕ್ಕೆ. ಮೂರನೆಯ ಸಲ ಅವನು ಕೆಂಪು ಬಲೂನಿನ ಬಲಗಡೆಯ ಹಳದಿ ಬಲೂನಿಗೆ ಹಿಡಿಯುತ್ತಾನೆ, ಕೆಂಪು ಒಡೆಯುತ್ತದೆ. ನಾಲ್ಕನೆಯದೂ ಒಡೆಯುತ್ತದೆ, ಐದನೆಯದೂ. ಆರನೆಯ ಸಲಕ್ಕೆ ಅಂಗಡಿಯವನು ಅವನ ಕೈಗೆ ಬೇರೆ ಕೋವಿ ಕೊಡುತ್ತಾನೆ.