ತಂತು, ಪಟ, ಲಾಂಛನ

ಕೃಷ್ಣೆಯ ದಂಡೆಯ ಚಿಕ್ಕಪಡಸಲಗಿಯಿಂದ ಜಮಖಂಡಿಯ ಕಡೆಗೋ, ಅಲ್ಲಿಂದ ಮುಂದೆ ಬನಹಟ್ಟಿ ರಬಕವಿಗಳ ಕಡೆಗೋ ಹೋಗುವವನು, ಕಬ್ಬು ಹೇರಿದ ಟ್ರ್ಯಾಕ್ಟರಿನ ಮೇಲೆ ಕುಳಿತ ತರುಣರಲ್ಲಿ ಒಬ್ಬಿಬ್ಬರ ಮೈಮೇಲಾದರೂ, ಬೆನ್ನಿಗೆ 18 ಎಂಬ ಅಂಕೆಯನ್ನು ಹೊತ್ತ ಕೆಂಪು ಜೆರ್ಸಿಯನ್ನು ಕಾಣದೆ ಇರಲಾರನು. ಬೆಂಗಳೂರಿನ ಕ್ರಿಕೆಟ್ ತಂಡದ ಬಟ್ಟೆ ಅದು. ಆ ತಂಡದ ಒಡೆಯರನ್ನು ಈ ತರುಣನು ಕಂಡವನಲ್ಲ. ಅದರ ಆಟವನ್ನು ಕ್ರೀಡಾಂಗಣದಲ್ಲಿ ಕುಳಿತು ನೋಡಿದವನೂ ಬಹುಶಃ ಅಲ್ಲ. ಆದರೂ ಆ ಬಟ್ಟೆಯನ್ನು ತೊಟ್ಟಾಗ ‘ನಮ್ಮವರು’ ಎಂಬ ಮಾತು ಅವನ ಬಾಯಿಂದ ಯಾವ ಸಂಕೋಚವೂ ಇಲ್ಲದೆ ಹೊರಡುತ್ತದೆ. ಹಾಗಾದರೆ ಅವನು ಧರಿಸಿರುವುದು ಏನನ್ನು? ಬಟ್ಟೆಯನ್ನೋ, ಹೆಸರನ್ನೋ, ಅಥವಾ ತನ್ನೊಳಗೇ ಹುಟ್ಟಿದ ಭಾವವೊಂದನ್ನು ಹಣ ತೆತ್ತು ಅಂಗಡಿಯಿಂದ ಬಿಡಿಸಿಕೊಂಡು ಬಂದಿರುವನೋ? ಅಂಗಡಿಯವನಿಗೆ ಇದು ಪ್ರಶ್ನೆಯೇ ಅಲ್ಲ. ದರ್ಶನಕಾರರಿಗೆ ಮಾತ್ರ ಬಹು ಹಳೆಯ ಪ್ರಶ್ನೆ.

ನಮ್ಮ ದಾರ್ಶನಿಕರು ಕಾರ್ಯಕಾರಣಸಂಬಂಧವನ್ನು ವಿಚಾರಿಸಹೊರಟಾಗಲೆಲ್ಲ ಕುಂಬಾರನ ಗಡಿಗೆಯಂತೆಯೇ ನೇಕಾರನ ಬಟ್ಟೆಯನ್ನೂ ಮುಂದಿಟ್ಟುಕೊಂಡರು. ಬಟ್ಟೆಯು ನೂಲಿನಲ್ಲಿ ಮೊದಲೇ ಅಡಗಿತ್ತೆಂದು ಸಾಂಖ್ಯರು ಹೇಳಿದರೆ, ಅದು ನೂಲಿನಿಂದ ಹೊಸದಾಗಿ ಹುಟ್ಟಿದ ಬೇರೆಯೇ ದ್ರವ್ಯವೆಂದು ವೈಶೇಷಿಕರು ವಾದಿಸಿದರು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಪಟದ ದೃಷ್ಟಾಂತವೇ ಒಂದು ಸೂತ್ರವಾಗಿ ನಿಂತಿದೆ. ಮಡಿಚಿಟ್ಟ ಬಟ್ಟೆಯೂ ಬಿಚ್ಚಿ ಹರಡಿದ ಬಟ್ಟೆಯೂ ಬೇರೆಬೇರೆಯಲ್ಲವೆಂದು ಶಂಕರರು ಅದನ್ನು ವಿವರಿಸುತ್ತಾರೆ. ನ್ಯಾಯವೈಶೇಷಿಕರ ಲೆಕ್ಕಾಚಾರವಂತೂ ಬಹು ಕಟ್ಟುನಿಟ್ಟಾದದ್ದು: ತಂತುಗಳು ಪಟಕ್ಕೆ ಸಮವಾಯಿಕಾರಣ, ತಂತುಗಳ ಸಂಯೋಗವು ಅಸಮವಾಯಿಕಾರಣ, ಲಾಳಿ ಮಗ್ಗ ಮುಂತಾದವು ನಿಮಿತ್ತಕಾರಣ. ನೇಕಾರನಿಗೂ ಸ್ಥಾನ ದೊರೆಯುವುದು ಈ ಮೂರನೆಯ ಪಂಕ್ತಿಯಲ್ಲಿಯೇ, ಲಾಳಿಯ ಪಕ್ಕದಲ್ಲಿ. ಹೆಸರಿಗಾದರೋ ಮೂರರಲ್ಲಿ ಎಲ್ಲಿಯೂ ಎಡೆಯಿಲ್ಲ. ಆದರೆ ಇಂದಿನ ಪೇಟೆಯಲ್ಲಿ ಜೆರ್ಸಿಯ ಬೆಲೆಯ ಬಹುಭಾಗವನ್ನು ನುಂಗುವುದು ಆ ಹೆಸರೇ.

ಬನಹಟ್ಟಿಯ ಓಣಿಯಲ್ಲಿ ಇನ್ನೂ ಉಳಿದಿರುವ ಕುಣಿಮಗ್ಗವೊಂದರ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಶಾಸ್ತ್ರವಿಚಾರಕ್ಕೆ ರಕ್ತಮಾಂಸಗಳು ಬರುತ್ತವೆ. ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನು ತುಳಿಯುತ್ತಿರುವಂತೆ ಹಾಸಿನ ಎಳೆಗಳು ಬಾಯ್ದೆರೆಯುತ್ತವೆ; ಲಾಳಿಯು ಅತ್ತಿಂದಿತ್ತ ಹಾಯುತ್ತದೆ; ಒಂದು ಎಳೆ ಹರಿದರೆ ಕೈ ತಾನಾಗಿ ನಿಲ್ಲುತ್ತದೆ, ಎರಡು ಬೆರಳುಗಳ ನಡುವೆ ಅದನ್ನು ಹೊಸೆದು ಕೂಡಿಸಿ, ಕೂಡಿಸಿದ ಗುರುತು ಕಣ್ಣಿಗೆ ಬೀಳದಂತೆ ಸವರಿ, ಅವನು ಮತ್ತೆ ತುಳಿಯತೊಡಗುತ್ತಾನೆ. ನೂಲು ಮಾಲಕನದು, ಕೂಲಿ ಸೀರೆಯ ಲೆಕ್ಕದ್ದು. ಸೀರೆ ಎಷ್ಟು ದೂರ ಹೋದರೂ ಅದರ ಅಂಚಿನಲ್ಲಿ ನೆಯ್ದವನ ಹೆಸರಿಲ್ಲ.

ತಂಡದ ಜೆರ್ಸಿಯನ್ನಾದರೋ ಯಾರೂ ನೆಯ್ಯುವುದಿಲ್ಲ. ಅದು ತಿರುಪ್ಪೂರಿನಂಥ ಊರುಗಳ ಯಂತ್ರಗಳಲ್ಲಿ ಪಾಲಿಯೆಸ್ಟರ್ ಎಳೆಯ ಕುಣಿಕೆಗಳಿಂದ ಹೆಣೆದ ಅರಿವೆ. ಹಿಂದೆ ಅದರ ಮೇಲಿನ ಚಿಹ್ನೆಯನ್ನು ಹೊಲಿಯುತ್ತಿದ್ದರು, ಅಥವಾ ಅಚ್ಚೊತ್ತುತ್ತಿದ್ದರು. ನಾಲ್ಕು ಸಲ ಒಗೆದರೆ ಅಚ್ಚು ಬಿರಿದು ಉದುರುತ್ತಿತ್ತು. ಈಗ ವಿನ್ಯಾಸವನ್ನು ಮೊದಲು ಕಾಗದದ ಮೇಲೆ ಮುದ್ರಿಸಿ, ಬಟ್ಟೆಗೆ ತಾಗಿಸಿ, ಕಾಯಿಸಿ ಒತ್ತುತ್ತಾರೆ. ಬಣ್ಣವು ದ್ರವವಾಗದೆ ನೇರವಾಗಿ ಆವಿಯಾಗಿ ಎಳೆಯ ಒಳಕ್ಕೇ ಹೊಕ್ಕು ಕೂರುತ್ತದೆ. ವೈಶೇಷಿಕನು ಇದನ್ನು ಕಂಡಿದ್ದರೆ ಹರ್ಷಪಡುತ್ತಿದ್ದನು. ಹಳೆಯ ಚಿಹ್ನೆಗೂ ಬಟ್ಟೆಗೂ ಇದ್ದದ್ದು ಸಂಯೋಗ, ಬಿಡಿಸಲು ಬರುವಂಥದ್ದು. ಹೊಸ ಬಣ್ಣವು ಎಳೆಯನ್ನು ಬಿಡಿಸಲು ಬಾರದ ಸಮವಾಯಸಂಬಂಧದಿಂದ ಹಿಡಿದಿದೆಯೆಂದು ಅವನು ತೀರ್ಪು ಕೊಡುತ್ತಿದ್ದನೇನೋ. ಆದರೆ ನನ್ನ ಕುತೂಹಲ ಇನ್ನೊಂದು ಸಂಬಂಧದ ವಿಷಯದಲ್ಲಿ: ಚಿಹ್ನೆಗೂ ತೊಟ್ಟವನಿಗೂ ಇರುವುದು ಈ ಎರಡರಲ್ಲಿ ಯಾವುದು?

ಇದಕ್ಕೆ ಸಾಕ್ಷ್ಯವನ್ನು ಸ್ವಲ್ಪ ದೂರದಿಂದ ತರಬೇಕಾಗುತ್ತದೆ. ರಗ್ಬಿ ಲೀಗ್ ಎಂಬ ಆಟ ನಮ್ಮಲ್ಲಿ ಪರಿಚಿತವಲ್ಲ. ಚೆಂಡು ಹಿಡಿದು ನುಗ್ಗುವವನನ್ನು ಎದುರಾಳಿಗಳು ಕವಿದು ನೆಲಕ್ಕೆ ಕೆಡಹುವ, ಒಂದೊಂದು ಕಡೆಗೆ ಹದಿಮೂರು ಜನರ ಆಟ ಅದು. ನಮ್ಮ ಕಬಡ್ಡಿಯ ದೂರದ ದಾಯಾದಿ ಎಂದರೂ ನಡೆದೀತು. ಅದು ಹುಟ್ಟಿದ್ದು ಉತ್ತರ ಇಂಗ್ಲೆಂಡಿನಲ್ಲಿ, ಬನಹಟ್ಟಿಯ ನೇಕಾರನಿಗೆ ಒಡನೆಯೇ ಅರ್ಥವಾಗಬಹುದಾದ ಕಾರಣದಿಂದ. ಗಿರಣಿಗಳಲ್ಲಿಯೂ ಗಣಿಗಳಲ್ಲಿಯೂ ದುಡಿಯುತ್ತಿದ್ದ ಆಟಗಾರರಿಗೆ ಪಂದ್ಯಕ್ಕೆಂದು ಹೋದಾಗ ಕೂಲಿ ತಪ್ಪುತ್ತಿತ್ತು. ತಪ್ಪಿದ ಕೂಲಿಯನ್ನು ತುಂಬಿಕೊಡಬೇಕೆಂಬ ಬೇಡಿಕೆಯನ್ನು ಆಟದ ಅಧಿಪತಿಗಳಾದ ಸಿರಿವಂತರು 1893ರಲ್ಲಿ ತಳ್ಳಿಹಾಕಿದರು. 1895ರ ಆಗಸ್ಟ್ 29ರಂದು ಉಣ್ಣೆಯ ನೇಯ್ಗೆಗೆ ಹೆಸರಾದ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಸೇರಿ ಬೇರೆ ಸಂಘವನ್ನು ಕಟ್ಟಿದವು. ಆ ಪಟ್ಟಣಗಳ ಜೆರ್ಸಿಗಳು, ವಿಗನ್ನಿನ ಕೆಂಪು ಬಿಳಿ ಅಡ್ಡಪಟ್ಟಿಯಾಗಲಿ, ಲೀಡ್ಸಿನ ನೀಲಿ ಹೊಂಬಣ್ಣವಾಗಲಿ, ಇಂದಿಗೂ ಊರಿನ ಗುರುತಾಗಿಯೇ ನಿಂತಿವೆ. ಈಗ ಅವುಗಳ ಎದೆಯ ಮೇಲೆ ಪ್ರಾಯೋಜಕರ ಹೆಸರು, ವರ್ಷವರ್ಷವೂ ಬದಲಾಗುವ ವಿನ್ಯಾಸ.

ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ 1908ರಲ್ಲಿ ಹುಟ್ಟಿದ, ಕೆಂಪು ಹಸಿರು ಬಣ್ಣಗಳ ಸೌತ್ ಸಿಡ್ನಿ ಎಂಬ ಕ್ಲಬ್ಬಿನ ಕಥೆ ಇನ್ನೂ ಬೋಧಪ್ರದವಾದುದು. ಲೀಗಿನ ನಿರ್ವಾಹಕರು ತಂಡಗಳ ಸಂಖ್ಯೆಯನ್ನು ಇಳಿಸಹೊರಟು 1999ರ ಕೊನೆಗೆ ಅದನ್ನು ಹೊರಗಟ್ಟಿದರು. ತಂಡಕ್ಕೆ ಲೀಗಿನಲ್ಲಿ ಪಂದ್ಯವೇ ಇಲ್ಲ. ಆದರೆ ಜನ ಬಟ್ಟೆಯನ್ನು ಕಳಚಲಿಲ್ಲ. ಅದನ್ನೇ ತೊಟ್ಟು ಹತ್ತಾರು ಸಾವಿರ ಮಂದಿ ಬೀದಿಗಿಳಿದು ನಡೆದರು, ನ್ಯಾಯಾಲಯದ ಮೆಟ್ಟಿಲೇರಿದರು. 2002ರಲ್ಲಿ ತಂಡ ಹಿಂತಿರುಗಿತು. ತಂತು ನಾಶವಾದರೆ ಪಟವೂ ನಾಶ ಎಂಬುದು ತರ್ಕದ ನಿಯಮ. ಇಲ್ಲಿ ಆಶ್ರಯವೇ ಇಲ್ಲವಾದ ಎರಡು ವರ್ಷ ಲಾಂಛನವು ಬದುಕಿತು. ಏಕೆಂದರೆ ಅದರ ನಿಜವಾದ ಆಶ್ರಯ ಲೀಗಿನ ಪಟ್ಟಿಯಾಗಿರಲಿಲ್ಲ.

ನಮ್ಮ ಕೆಂಪು ಜೆರ್ಸಿಗೆ ಮರಳೋಣ. 2008ರಲ್ಲಿ ಆ ತಂಡ ಹುಟ್ಟಿದಾಗ ಅದಕ್ಕೆ ಹೆಸರು ದೊರೆತದ್ದು ಒಂದು ವಿಸ್ಕಿಯ ಹೆಸರಿನಿಂದ. ಸೆರೆಯನ್ನು ಹೊಸ್ತಿಲೊಳಗೆ ಬಿಡದ ಮನೆತನದ ಹುಡುಗನೂ ಇಂದು ಅದನ್ನು ತೊಟ್ಟು ನಿಶ್ಚಿಂತನಾಗಿ ಗುಡಿಗೆ ಹೋಗುತ್ತಾನೆ. ಜನರ ಪ್ರೀತಿಯು ಹೆಸರನ್ನು ಎಷ್ಟು ತೊಳೆಯಬಲ್ಲದು ನೋಡಿ! ಹಣದ ಲೆಕ್ಕವೂ ವಿಚಿತ್ರವೇ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕುಗಳು 48,390 ಕೋಟಿ ರೂಪಾಯಿಗೆ ಮಾರಾಟವಾದವು. ಜೆರ್ಸಿ ಟೊಪ್ಪಿಗೆಗಳಿಂದ ಬರುವ ಹಣ ಅದರ ಮುಂದೆ ಅಲ್ಪ. ಅಧಿಕೃತ ತಯಾರಕನು ತಂಡಕ್ಕೆ ಗೌರವಧನ ಸಲ್ಲಿಸುತ್ತಾನೆ. ಎದೆಯ ಜಾಗಕ್ಕೆ ಪ್ರಾಯೋಜಕನು ಬೇರೆ ತೆರುತ್ತಾನೆ. ಬಣ್ಣದ ಪಟ್ಟಿಯೊಂದು ಸ್ಥಾನ ಬದಲಿಸಿದರೆ ಹಳೆಯ ಅಂಗಿ ಹಳತಾಗಿ ಹೊಸದಕ್ಕೆ ಗಿರಾಕಿ ಹುಟ್ಟುತ್ತಾನೆ.

ಆದರೆ ಜಮಖಂಡಿಯ ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಜೆರ್ಸಿಯಿಂದ ತಂಡಕ್ಕೆ ಬಿಡಿಗಾಸೂ ಸೇರುವುದಿಲ್ಲ. ಕಾನೂನಿಗೆ ಅದು ನಕಲಿ, ಕಂಪನಿಗೆ ಕಳವು. ವಸ್ತುವಿನ ಸತ್ಯತೆಯನ್ನು ಅದರ ಅರ್ಥಕ್ರಿಯೆಯಿಂದ, ಅಂದರೆ ಅದು ಮಾಡುವ ಕೆಲಸದಿಂದ, ಅಳೆಯಬೇಕೆಂದು ಬೌದ್ಧ ತಾರ್ಕಿಕನಾದ ಧರ್ಮಕೀರ್ತಿ ಹೇಳಿದ್ದುಂಟು. ಬಿಸಿಲ್ಗುದುರೆಯ ನೀರು ದಾಹವನ್ನು ತಣಿಸದು, ಆದುದರಿಂದ ಅದು ಮಿಥ್ಯೆ. ಸಂತೆಯ ಜೆರ್ಸಿಯಾದರೋ ದಾಹವನ್ನು ಪೂರ್ಣವಾಗಿ ತಣಿಸುತ್ತದೆ. 2025ರ ಜೂನ್ 3ರ ರಾತ್ರಿ ತಂಡ ಮೊದಲ ಸಲ ಐಪಿಎಲ್ ಪ್ರಶಸ್ತಿಯನ್ನು ಗೆದ್ದಾಗ ನಕಲಿ ತೊಟ್ಟವನ ಕಣ್ಣೀರು ಅಸಲಿ ತೊಟ್ಟವನದಕ್ಕಿಂತ ಕಡಿಮೆ ಉಪ್ಪಾಗಿತ್ತೆಂದು ಹೇಳುವವರಾರು? ಮರುದಿನ ಬೆಂಗಳೂರಿನಲ್ಲಿ ಅದೇ ಉತ್ಸಾಹದ ಕಾಲ್ತುಳಿತಕ್ಕೆ 11 ಜೀವಗಳು ಬಲಿಯಾದಾಗ ಅವರ ಅಂಗಿ ಯಾವುದೆಂದು ಯಾರೂ ಕೇಳಲಿಲ್ಲ.

ಇಲ್ಲಿಗೆ ಪ್ರಶ್ನೆ ಧರ್ಮದ ಅಂಗಳಕ್ಕೆ ಬಂದು ನಿಲ್ಲುತ್ತದೆ. ಲಾಂಛನವನ್ನು ಧರಿಸುವುದು ಈ ನಾಡಿಗೆ ಹೊಸತಲ್ಲ. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸುವವರ ನೆಲ ಇದು. ಭಾವವಿಲ್ಲದ ವೇಷವನ್ನು ಶರಣರು ಕಟುವಾಗಿ ಖಂಡಿಸಿದರು, ಆದರೆ ಲಾಂಛನವನ್ನೇ ಕಿತ್ತೊಗೆಯಲಿಲ್ಲ. ಜೇಡರ ದಾಸಿಮಯ್ಯನ ಕಥೆ ಈ ಭಾಗದ ನೇಕಾರರಿಗೆ ಬಾಯಿಪಾಠ: ಬಹುಕಾಲ ನೆಯ್ದ ಅಪೂರ್ವ ವಸ್ತ್ರವನ್ನು ಅವನು ಚಳಿಯಲ್ಲಿ ನಡುಗುತ್ತಿದ್ದ ಜಂಗಮನಿಗೆ ಕೊಟ್ಟನಂತೆ, ಜಂಗಮನು ಅವನ ಕಣ್ಣೆದುರಿಗೇ ಅದನ್ನು ಹರಿದು ಚೂರುಮಾಡಿದರೂ ಅವನು ವಿಚಲಿತನಾಗಲಿಲ್ಲವಂತೆ. ಕೊಟ್ಟ ಬಳಿಕ ಬಟ್ಟೆಯ ಮೇಲೆ ಅವನು ಯಾವ ಹಕ್ಕನ್ನೂ ಉಳಿಸಿಕೊಳ್ಳಲಿಲ್ಲ. ಜೆರ್ಸಿಯ ವ್ಯಾಪಾರವು ಇದಕ್ಕೆ ತೀರ ವಿಲೋಮ: ಬಟ್ಟೆ ಕೈಬಿಟ್ಟರೂ ಹಕ್ಕು ಕೈಬಿಡುವುದಿಲ್ಲ.

ನಾನು ಆ ವ್ಯಾಪಾರವನ್ನು ಪಾಪವೆನ್ನುವುದಿಲ್ಲ. ಆಟಗಾರನಿಗೂ ಹೊಟ್ಟೆಯುಂಟು, ರಗ್ಬಿ ಲೀಗ್ ಹುಟ್ಟಿದ್ದೇ ಆ ಹೊಟ್ಟೆಯ ನ್ಯಾಯಕ್ಕಾಗಿ. ಆದರೆ ನಮ್ಮ ಕಾನೂನು ದೇವರನ್ನೇ ಆಸ್ತಿಯ ಒಡೆಯನೆಂದು ಗಣಿಸಿ ಧರ್ಮದರ್ಶಿಯನ್ನು ಕೇವಲ ಪಾಲಕನೆನ್ನುತ್ತದೆ. ಲಾಂಛನದ ಒಡೆಯನೂ ಅಂಥ ಪಾಲಕನೇ ಎಂಬುದು ನನ್ನ ಮತ. ಅವನು ಮಾರುವ ಬೆಲೆಯನ್ನು ಬಟ್ಟೆಗೆ ತುಂಬಿದವರು ಕೊಳ್ಳುವವರೇ. ಜನರೇ ಬೆಲೆ ತುಂಬಿದ್ದಕ್ಕೆ ಇಲ್ಲಿಯೇ ಇನ್ನೊಂದು ನಿದರ್ಶನವುಂಟು: ಚಿಕ್ಕಪಡಸಲಗಿಯ ರೈತರು 1989ರಲ್ಲಿ ತಮ್ಮ ದುಡ್ಡನ್ನೂ ಬೆವರನ್ನೂ ಸುರಿದು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರು. ಅಲ್ಲಿ ‘ನಮ್ಮದು’ ಎಂಬ ಮಾತಿಗೆ ಅಂಗಿಯ ಆಧಾರ ಬೇಕಾಗಲಿಲ್ಲ. ಆ ಮಾತಿನ ಮೇಲೆ ಗೌರವಧನ ಕೇಳುವವನೂ ಇರಲಿಲ್ಲ.

ಇಷ್ಟು ಹೇಳಿದ ಮೇಲೂ ನನ್ನ ಮತಕ್ಕೆ ಒಂದು ತೊಡಕು ಉಳಿದೇ ಇದೆ. ಬೀದಿಗಿಳಿದು ತಂಡವನ್ನು ಉಳಿಸಿಕೊಂಡ ಆ ಸೌತ್ ಸಿಡ್ನಿಯ ಸದಸ್ಯರೇ 2006ರಲ್ಲಿ ಮತ ಹಾಕಿ, ನಟ ರಸೆಲ್ ಕ್ರೋ ಮತ್ತು ಅವನ ಜೊತೆಗಾರ ಉದ್ಯಮಿಯೊಬ್ಬನಿಗೆ ಕ್ಲಬ್ಬಿನ ನೂರಕ್ಕೆ 75ರಷ್ಟು ಪಾಲನ್ನು ಮಾರಿದರು. ಸಾಲದ ಒತ್ತಡ, ಸೋಲಿನ ಬೇಸರ, ಎಲ್ಲ ಇದ್ದಿರಬಹುದು. ಪಾಲಕನು ಮಾರಿದರೆ ದೂರಲು ಬರುತ್ತದೆ. ಭಕ್ತರೇ ಕೈಯೆತ್ತಿ ಮಾರಿದರೆ ಶಾಸ್ತ್ರ ಏನು ಹೇಳಬೇಕು? ಉಳಿದ ಕಾಲುಭಾಗವನ್ನು ಮಾತ್ರ ಅವರು ತಮ್ಮಲ್ಲಿಯೇ ಇಟ್ಟುಕೊಂಡರು.