ಹತ್ತು ಮಂದಿ ಹೋದರು, ಒಬ್ಬನು ತಿರುಗಿ ಬಂದನು

ಬೆಂಗಳೂರಿಂದ ರಜೆಗೆ ಬಂದಿರೋ ತಮ್ಮಂದಿರು, ತಂಗಿಯರು ತುಂಬ ಜನ ಕಾಣ್ತಾ ಇದ್ದೀರಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬೆಳಗ್ಗೆ ಚಳಿಯಲ್ಲೇ ಬಸ್ ಹತ್ತಿ ಬಂದವರಿಗೂ ಸ್ವಾಗತ. ದೇವರು ನಿಮ್ಮ ಪ್ರಯಾಸವನ್ನು ನೋಡಿದ್ದಾರೆ.

ಬೈಬಲ್ ತೆಗೆದುಕೊಳ್ಳಿ. ಲೂಕನ ಸುವಾರ್ತೆ 17ನೇ ಅಧ್ಯಾಯ, 11ರಿಂದ 19. ಮೊಬೈಲಲ್ಲಿ ಓದೋರು ವಾಟ್ಸಾಪ್ ಕಡೆ ಹೋಗಬೇಡಿ ದಯವಿಟ್ಟು.

ಈ ಭಾಗ ನಿಮಗೆಲ್ಲ ಗೊತ್ತು. ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿ ನಿಂತು ಯೇಸುವನ್ನು ಕೂಗ್ತಾರೆ. ಯಾಜಕರ ಹತ್ತಿರ ಹೋಗಿ ಮೈ ತೋರಿಸಿ ಅಂತ ಕರ್ತನು ಕಳಿಸ್ತಾನೆ. ದಾರಿಯಲ್ಲಿ ಹೋಗ್ತಾ ಇರುವಾಗಲೇ ಅವರಿಗೆ ವಾಸಿಯಾಗುತ್ತದೆ. ಒಬ್ಬ ಮಾತ್ರ ತಿರುಗಿ ಬಂದು, ಗಟ್ಟಿಯಾಗಿ ದೇವರನ್ನು ಕೊಂಡಾಡಿ, ಯೇಸುವಿನ ಪಾದಕ್ಕೆ ಬೀಳ್ತಾನೆ. ಅವನು ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಕರ್ತನು ಕೇಳ್ತಾನೆ.

ಕ್ರಿಸ್ಮಸ್ ಸಮಯದಲ್ಲಿ ಕೃತಜ್ಞತೆ ಬಗ್ಗೆ ಸಂದೇಶ ಕೇಳೋದು ಹೊಸದಲ್ಲ. ಆದರೆ ಈ ವರ್ಷ ಹಾಸನದಲ್ಲಿ ನಿಂತು ಈ ಭಾಗ ಓದುವಾಗ ನನಗೆ ಬೇರೆ ಥರ ಕೇಳಿಸ್ತು. 2025ರ ಮೇ, ಜೂನ್ ತಿಂಗಳು ನೆನಪಿದೆಯಾ? ಟಿವಿ ಹಾಕಿದರೆ ನಮ್ಮ ಜಿಲ್ಲೆಯ ಹೆಸರು. ಹೃದಯಾಘಾತ, ಇನ್ನೊಂದು ಸಾವು, ಇನ್ನೊಬ್ಬ ಯುವಕ. ಬೇರೆ ಊರಿನ ಸ್ನೇಹಿತರು ಫೋನ್ ಮಾಡಿ “ನೀನು ಹುಷಾರಾ?” ಅಂತ ಕೇಳೋರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತರು. ಸರ್ಕಾರ ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 24 ಸಾವುಗಳನ್ನು ಪರಿಶೀಲಿಸಿದ ಆ ಸಮಿತಿ, ಹಾಸನದಲ್ಲಿ ಯಾವುದೋ ವಿಚಿತ್ರ ಏರಿಕೆ ಆಗಿಲ್ಲ ಅಂತ ಹೇಳಿತು. ಕಂಡದ್ದು ಹಳೇ ಕಾರಣಗಳೇ: ಬಿಪಿ, ಶುಗರ್, ಸಿಗರೇಟು, ಕುಡಿತ, ತೂಕ. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸೋರೂ ಇದ್ದರು.

ಪ್ರಿಯರೇ, ಆ ಮನೆಗಳಲ್ಲಿ ಈ ವರ್ಷ ಹಬ್ಬ ಬೇರೆ ಥರ ಇರುತ್ತೆ. ಯಾರನ್ನೂ ತೀರ್ಪು ಮಾಡೋಕೆ ನಾನಿಲ್ಲಿ ನಿಂತಿಲ್ಲ. ನನ್ನ ವಿಷಯ ಹೇಳ್ತೀನಿ.

ಆ ಜೂನ್‌ನಲ್ಲಿ ನಾನು ಇದೇ ಜಾಗದಲ್ಲಿ ನಿಂತು ಭಯಪಡಬೇಡಿ ಅಂತ ಪ್ರಸಂಗ ಮಾಡಿದೆ. ನೀವೆಲ್ಲ ಆಮೆನ್ ಅಂದ್ರಿ. ಮಾರನೇ ದಿನ ಯಾರಿಗೂ ಹೇಳದೆ ಬಿಪಿ ನೋಡಿಸಿದೆ. 160/100. ಡಾಕ್ಟರ್ ಇನ್ನೆರಡು ಸಲ ಕರೆಸಿ ನೋಡಿ ಮಾತ್ರೆ ಬರೆದುಕೊಟ್ಟರು. ನಾನು ಮಾತ್ರೆ ತಗೊಂಡು ಬಂದು ಬೈಬಲ್ ಬ್ಯಾಗಿನ ಜಿಪ್ಪಲ್ಲಿ ಇಟ್ಟೆ. ನುಂಗಲಿಲ್ಲ. ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡೋನು ಬಿಪಿ ಮಾತ್ರೆ ನುಂಗ್ತಾನೆ ಅಂದ್ರೆ ಸಭೆ ಏನಂದುಕೊಳ್ಳುತ್ತೆ? ಇದು ನನ್ನ ಚಿಂತೆ. ಎರಡು ತಿಂಗಳು ಹೀಗೇ ಹೋಯ್ತು. ಒಂದು ದಿನ ನನ್ನ ಹೆಂಡತಿ ಬ್ಯಾಗ್ ತೊಳೆಯೋಕೆ ತೆಗೆದಾಗ ಸಿಕ್ಕಿಬಿದ್ದೆ. ಅವಳು ಜಗಳ ಮಾಡಲಿಲ್ಲ. “ರೀ, ಇದು ವಿಶ್ವಾಸ ಅಲ್ಲ, ನಾಚಿಕೆ” ಅಂದಳು ಅಷ್ಟೇ. ಆ ರಾತ್ರಿ ನಾನು ಅತ್ತೆ. ಮಾತ್ರೆ ನುಂಗಿದ್ದೂ ಆ ರಾತ್ರಿಯೇ.

ಆಮೇಲೆ ಈ ಲೂಕ 17 ಮತ್ತೆ ಓದಿದೆ. ಮೂರು ವಿಷಯ ಕಾಣಿಸಿತು.

ಒಂದನೆಯದು: ಪರೀಕ್ಷೆಗೆ ಕಳಿಸಿದವನು ಯೇಸುವೇ.

ಯಾಜಕರ ಹತ್ತಿರ ಯಾಕೆ ಕಳಿಸಿದನು? ಯಾಜಕಕಾಂಡ 13, 14 ಓದಿ. ಚರ್ಮ ನೋಡಿ, ಏಳು ದಿನ ಕಾಯಿಸಿ, ಮತ್ತೆ ನೋಡಿ, ಶುದ್ಧನು ಅಂತ ಹೇಳೋ ಕೆಲಸ ಯಾಜಕರದು. ಅಂದರೆ ಕರ್ತನು ಅವರನ್ನು ಚೆಕಪ್‌ಗೆ ಕಳಿಸಿದ! ಗುಣಪಡಿಸುವ ಶಕ್ತಿ ಇದ್ದವನೇ ಪರೀಕ್ಷೆ ಬೇಡ ಅನ್ನಲಿಲ್ಲ. ಅವರು ಹೊರಟದ್ದೇ ವಿಶ್ವಾಸ, ವಾಸಿಯಾದದ್ದು ಆ ದಾರಿಯಲ್ಲಿ. ಈ ಸುವಾರ್ತೆ ಬರೆದ ಲೂಕನೂ ವೈದ್ಯನೇ, ಕೊಲೊಸ್ಸೆ 4:14 ನೋಡಿ. ದೇವರು ಇಂದಿಗೂ ಸ್ವಸ್ಥಮಾಡ್ತಾರೆ, ನಾನು ನಂಬ್ತೀನಿ, ಕಣ್ಣಾರೆ ನೋಡಿದ್ದೀನಿ. ಆದರೆ ಪ್ರಾರ್ಥನೆ ಮಾಡಿಸಿಕೊಂಡೆ ಅಂತ ನೀವಾಗೇ ಮಾತ್ರೆ ನಿಲ್ಲಿಸಬೇಡಿ. ದೇವರು ಮಾಡಿದ ಅದ್ಭುತ ಡಾಕ್ಟರ್ ಪರೀಕ್ಷೆಗೆ ಹೆದರೋದಿಲ್ಲ.

ಎರಡನೆಯದು: ಸ್ತೋತ್ರ ಬಾಯಲ್ಲಿ ಶುರುವಾಗಿ ದೇಹಕ್ಕೂ ಬರಬೇಕು.

ಆ ಸಮಾರ್ಯದವನ ಕಾಲು ತಿರುಗಿತು, ಮೊಣಕಾಲು ಬಗ್ಗಿತು. ಅವನ ಇಡೀ ದೇಹ ಸ್ತೋತ್ರ ಮಾಡ್ತು. ನಾವು? ಎರಡು ಗಂಟೆ ಆರಾಧನೆ, ಆಮೇಲೆ ರಾತ್ರಿ 2 ಗಂಟೆವರೆಗೆ ರೀಲ್ಸ್. ಊಟಕ್ಕೆ ಮುಂಚೆ ಈ ಆಹಾರ ಆಶೀರ್ವದಿಸು ಕರ್ತನೇ ಅಂತೀವಿ, ಮೂರನೇ ಸಲ ಬಿರಿಯಾನಿ ಹಾಕಿಸ್ಕೊಂಡು ಆಶೀರ್ವಾದ ಎದೆಯಲ್ಲಿ ಉರೀತಿದೆ ಅಂತ ಸೋಡಾ ಕುಡೀತೀವಿ. ನಗ್ತೀರಿ, ಯಾಕಂದ್ರೆ ನಿಮಗೂ ಗೊತ್ತು! ದೇಹ ಪವಿತ್ರಾತ್ಮನ ಆಲಯ ಅಂತ 1 ಕೊರಿಂಥ 6:19ರಲ್ಲಿ ಪೌಲನು ಬರೀತಾನೆ. ಸಭಾಮಂದಿರಕ್ಕೆ ಹಬ್ಬಕ್ಕೆ ಸುಣ್ಣ ಬಣ್ಣ ಹೊಡಿಸಿದ್ದೀವಲ್ಲ, ಈ ಆಲಯದ ಕಥೆ ಏನು?

ಎಲೀಯನನ್ನು ನೆನಪು ಮಾಡಿಕೊಳ್ಳಿ, 1 ಅರಸುಗಳು 19. ಸಾಕು, ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದ್ದ ಪ್ರವಾದಿಗೆ ದೇವದೂತ ಮೊದಲು ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ. ಮತ್ತೆ ಎಬ್ಬಿಸಿ ಮತ್ತೆ ಊಟ. ಮುಂದೆ ದೂರದ ದಾರಿ ಇದೆ ಅಂತ. ಐಟಿ ಕೆಲಸದ ನೈಟ್ ಶಿಫ್ಟ್ ಮಾಡೋ ತಮ್ಮಾ, ಕ್ಯಾಬ್ ಓಡಿಸೋ ಅಣ್ಣಾ, ನಿನ್ನ ನಿದ್ದೆಯ ಬಗ್ಗೆಯೂ ದೇವರಿಗೆ ಕಾಳಜಿ ಇದೆ.

ಮೂರನೆಯದು: ಕೃತಜ್ಞತೆ ಹಬ್ಬವನ್ನು ಕೆಡಿಸೋದಿಲ್ಲ, ಹಂಚುತ್ತದೆ.

ಹಬ್ಬದಲ್ಲಿ ತಿನ್ನಬೇಡಿ ಅಂತ ನಾನು ಹೇಳ್ತಿಲ್ಲ. ನೆಹೆಮೀಯ 8:10ರಲ್ಲಿ ಜನಕ್ಕೆ ಒಳ್ಳೆಯದನ್ನು ತಿನ್ನಿ, ಸಿಹಿಯಾದದ್ದನ್ನು ಕುಡಿಯಿರಿ ಅಂತಲೇ ಹೇಳಿದೆ. ಆದರೆ ಅದೇ ವಚನದಲ್ಲಿ, ಏನೂ ಮಾಡಿಕೊಳ್ಳದವರ ಮನೆಗೆ ಪಾಲು ಕಳಿಸಿ ಅಂತಲೂ ಇದೆ. ಆ ಮೂರನೇ ತಟ್ಟೆ ನಿನ್ನದಲ್ಲ ಕಣಪ್ಪ, ಅದು ಪಕ್ಕದ ಮನೆ ಅಜ್ಜಿಯದು. ಕಲ್ಕಲ್, ರೋಸ್ ಕುಕೀಸ್, ಕೇಕ್ ಎಲ್ಲ ಮಾಡಿ. ಒಂದು ಡಬ್ಬ ಈ ವರ್ಷ ಮಗನನ್ನು ಕಳಕೊಂಡ ಮನೆಗೆ ಹೋಗಲಿ. ಅವರು ಯಾವ ಜಾತಿ, ಯಾವ ಧರ್ಮ ಕೇಳಬೇಡಿ. ತಿರುಗಿ ಬಂದವನು ಸಮಾರ್ಯದವನು ಅನ್ನೋದನ್ನ ಮರೀಬೇಡಿ.

ಈಗ ಕೈಯಲ್ಲಿ ಹಿಡಿದುಕೊಂಡು ಹೋಗೋಕೆ ಸಣ್ಣ ಕೆಲಸಗಳು. ಹೊಸ ವರ್ಷಕ್ಕೆ ಕಾಯಬೇಡಿ, ಜನವರಿ 1ರ ತೀರ್ಮಾನ ಸಂಕ್ರಾಂತಿ ನೋಡೋದೇ ಕಷ್ಟ.

ಬೆಳಗ್ಗೆ ಫೋನ್ ಮುಟ್ಟೋ ಮುಂಚೆ ಮೂರು ಸ್ತೋತ್ರ, ಹೆಸರಿಟ್ಟು ಹೇಳಿ. ಎಲ್ಲಾದಕ್ಕೂ ಸ್ತೋತ್ರ ಅನ್ನಬೇಡಿ. ಅಮ್ಮನ ಮಂಡಿನೋವು ಕಡಿಮೆಯಾದದ್ದಕ್ಕೆ, ಕಟ್ಟಿದ ಇಎಂಐಗೆ, ರಾತ್ರಿಯಿಡೀ ನೀನು ಹೇಳದೇ ಬಡಿದ ಹೃದಯಕ್ಕೆ. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಮಹಾರಾಜ ಪಾರ್ಕ್ ಇದೆ, ಹೊಳೆನರಸೀಪುರದವರಿಗೆ ಹೇಮಾವತಿ ದಡ ಇದೆ. ನಡೀತಾ ಪ್ರಾರ್ಥನೆ ಮಾಡಿ. ಇದು ಅವರೆಕಾಯಿ ಕಾಲ. ಮನೆಯಲ್ಲಿ ಅಮ್ಮ ಮುದ್ದೆ, ಹಿದುಕಿದ ಬೇಳೆ ಸಾರು ಮಾಡಿರುವಾಗ ಆ್ಯಪ್ ತೆಗೆದು ಪಿಜ್ಜಾ ತರಿಸಬೇಡಿ, ಅದೂ ಕೃತಘ್ನತೆಯೇ. ಉಪ್ಪಿಗೆ ದಿನಕ್ಕೆ 5 ಗ್ರಾಂ, ಒಂದು ಟೀ ಚಮಚದಷ್ಟು, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರೋ ಮಿತಿ. ಉಪ್ಪಿನಕಾಯಿ, ಹಪ್ಪಳ ಲೆಕ್ಕಕ್ಕೆ ಬರುತ್ತೆ.

ಎದೆ ಹಿಂಡಿದರೆ, ಎಡಗೈ ಅಥವಾ ದವಡೆ ಕಡೆ ನೋವು ಹರಡಿದರೆ, ಬೆವರು ಕಿತ್ತರೆ, ಗ್ಯಾಸ್ ಅಂತ ಕೂರಬೇಡಿ. 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಬೇಕಾದವರಿಗೆ ಹೆಪ್ಪು ಕರಗಿಸೋ ಇಂಜೆಕ್ಷನ್ ಉಚಿತವಾಗಿ ಕೊಡೋ ವ್ಯವಸ್ಥೆ ಇದೆ. ಆಂಬ್ಯುಲೆನ್ಸ್ ಬರೋವರೆಗೂ ಪ್ರಾರ್ಥನೆ ಮಾಡಿ. ಆಂಬ್ಯುಲೆನ್ಸ್ ಬದಲು ಪ್ರಾರ್ಥನೆ ಅಲ್ಲ.

ಕಡೇ ಮಾತು. ಹತ್ತೂ ಮಂದಿಗೆ ಚರ್ಮ ವಾಸಿಯಾಯಿತು. ಆದರೆ ನಿನ್ನ ನಂಬಿಕೆ ನಿನ್ನನ್ನು ರಕ್ಷಿಸಿದೆ ಎಂಬ ಅರ್ಥದ ಮಾತು ಕೇಳಿಸಿಕೊಂಡವನು ಪಾದದ ಬಳಿ ಇದ್ದ ಒಬ್ಬನೇ. ಜಿಮ್ಮಿಗೆ ಹೋಗಿ, ಮುದ್ದೆ ತಿಂದು, ಬಿಪಿ 120/80 ಮಾಡಿಕೊಂಡು, ಯೇಸುವಿಲ್ಲದೆ ಹೋದರೆ ನೀನು ಆ ಒಂಬತ್ತರಲ್ಲಿ ಒಬ್ಬ. ಆರೋಗ್ಯ ಕೊಟ್ಟವನ ಹತ್ತಿರ ತಿರುಗಿ ಬಾ.

ಎಲ್ಲರೂ ಎದೆಯ ಮೇಲೆ ಕೈಯಿಡಿ. ಆ ಬಡಿತ ಕೇಳಿಸಿಕೊಳ್ಳಿ. ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ಈ ಬಡಿತಕ್ಕೆ ಸ್ತೋತ್ರ. ಈ ವರ್ಷ ನಮ್ಮ ಜಿಲ್ಲೆಯಲ್ಲಿ ಪ್ರಿಯರನ್ನು ಕಳೆದುಕೊಂಡ ಮನೆಗಳನ್ನು ಸಂತೈಸು. ರೋಗವನ್ನು ಬಚ್ಚಿಟ್ಟಿರುವ ನಿನ್ನ ಮಕ್ಕಳ ನಾಚಿಕೆಯನ್ನು ತೆಗೆದುಹಾಕು. ಬಿಡಲಾಗದ ಚಟದಿಂದ ಬಿಡಿಸು. ತಿರುಗಿ ಬಂದ ಆ ಒಬ್ಬನಂತೆ ನಮ್ಮನ್ನು ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.